ಮಿದುಳಿಗೆ ಬೇಕಾದದ್ದೇ ಸಕ್ಕರೆ, ಹೆಚ್ಚಾದರೆ ಕೆಡುಕೇನು?

ಪ್ರಶ್ನೆ: ನನಗೆ 58 ವರ್ಷ. ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಗಿ 11 ವರ್ಷಗಳಾದವು. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆಗಳನ್ನು ತೆಗೆದುಕೊಳ್ಳುತ್ತೇನೆ. ಈಚಿನ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 8.6. ನನ್ನದು ಲೆಕ್ಕಪತ್ರದ ಕೆಲಸ. ಮೊದಲು ಮನಸ್ಸಿನಲ್ಲೇ ಕೂಡಿಸುತ್ತಿದ್ದ ಮೊತ್ತಕ್ಕೆ ಈಗ ಕಾಗದ ಬೇಕು. ಪರಿಚಿತರ ಹೆಸರು ತಟ್ಟನೆ ನೆನಪಿಗೆ ಬರುವುದಿಲ್ಲ. ಹೇಳಿದ್ದನ್ನೇ ಮತ್ತೆ ಹೇಳುತ್ತೀರಿ ಎಂದು ಮಗಳು ಅನ್ನುತ್ತಾಳೆ. ಅಲ್ಝೈಮರ್ ಎಂದರೆ ‘ಮೂರನೇ ಬಗೆಯ ಮಧುಮೇಹ’ ಎಂದು ಎಲ್ಲೋ ಓದಿದ ಮೇಲೆ ಸರಿಯಾಗಿ ನಿದ್ದೆಯೂ ಬರುತ್ತಿಲ್ಲ. ಮಿದುಳು ಕೆಲಸ ಮಾಡುವುದೇ ಸಕ್ಕರೆಯಿಂದ ಎನ್ನುತ್ತಾರೆ. ಹಾಗಿದ್ದರೆ ಅದು ಹೆಚ್ಚಾದಾಗ ಕೆಡುಕಾಗುವುದು ಹೇಗೆ? ಮೂರು ತಿಂಗಳಲ್ಲಿ ಎಚ್‌ಬಿಎ1ಸಿಯನ್ನು 6ಕ್ಕೆ ಇಳಿಸಿದರೆ ನೆನಪು ಮರಳೀತೇ?

ಉತ್ತರ: ಕೊನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ. ಅವಸರದಲ್ಲಿ ನೀವಾಗಿಯೇ ಮಾತ್ರೆ ಹೆಚ್ಚಿಸಿಕೊಂಡುಬಿಟ್ಟೀರಿ ಎಂಬ ಅಂಜಿಕೆ ನನಗಿದೆ. ನಿಮ್ಮ ಸಕ್ಕರೆ ಇಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂರು ತಿಂಗಳಲ್ಲಿ 8.6ರಿಂದ 6ಕ್ಕೆ ಬೇಡ. ಏಕೆ ಬೇಡ ಎಂಬುದನ್ನು ವಿವರವಾಗಿಯೇ ಹೇಳುತ್ತೇನೆ. ನೀವು ಬರೆದಿರುವ ಲಕ್ಷಣಗಳಷ್ಟನ್ನೇ ನೋಡಿ ಅಲ್ಝೈಮರ್ ಎಂದು ಹೇಳಲು ಬರುವುದಿಲ್ಲ, ಅಲ್ಲವೆಂದೂ ಹೇಳಲು ಬರುವುದಿಲ್ಲ. ಲೆಕ್ಕ ನಿಧಾನವಾಗಿರುವುದು, ಹೆಸರು ತಡವಾಗಿ ಹೊಳೆಯುವುದು ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ಮಗಳು ಹೇಳಿದ ಮಾತನ್ನು ಮಾತ್ರ ನಾನು ಪಕ್ಕಕ್ಕಿಡುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮಿದುಳಿಗೆ ಸಕ್ಕರೆ ಬೇಕು ಎಂಬುದು ನಿಜವೇ. ದೇಹದ ತೂಕದಲ್ಲಿ ಮಿದುಳಿನ ಪಾಲು ಸುಮಾರು ಶೇ 2. ಆದರೆ ಸುಮ್ಮನೆ ಕುಳಿತಿರುವಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಭಾಗವನ್ನು ಅದೊಂದೇ ಬಳಸುತ್ತದೆ. ಅದಕ್ಕಾಗಿ ದಿನಕ್ಕೆ ನೂರು ಗ್ರಾಂಗಿಂತ ಹೆಚ್ಚು ಗ್ಲೂಕೋಸ್ ಬೇಕು. ಇಷ್ಟು ಹಸಿವಿರುವ ಅಂಗ ತನಗಾಗಿ ಕೂಡಿಟ್ಟುಕೊಳ್ಳುವುದು ಮಾತ್ರ ಬಹಳ ಕಡಿಮೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಇರುವಂಥ ದಾಸ್ತಾನು ಇಲ್ಲಿಲ್ಲ. ರಕ್ತ ತಂದುಕೊಟ್ಟಾಗ ತಂದುಕೊಟ್ಟಷ್ಟನ್ನು ಬಳಸುವುದೇ ಅದರ ರೀತಿ. ಆದ್ದರಿಂದಲೇ ಸಕ್ಕರೆ ತೀರಾ ಇಳಿದರೆ ನಿಮಿಷಗಳಲ್ಲೇ ಮಂಕು ಕವಿಯುತ್ತದೆ.

ಇನ್ನು ಹೆಚ್ಚಾದಾಗಿನ ಕಥೆ. ಸ್ನಾಯುವಿಗೂ ಮಿದುಳಿಗೂ ಇರುವ ಒಂದು ವ್ಯತ್ಯಾಸವನ್ನು ಗಮನಿಸಿದರೆ ಅರ್ಧ ವಿಷಯ ತಿಳಿದಂತೆ. ಸ್ನಾಯುವಿನ ಕೋಶದೊಳಗೆ ಗ್ಲೂಕೋಸ್ ಧಾರಾಳವಾಗಿ ಹೋಗಬೇಕಾದರೆ ಇನ್ಸುಲಿನ್ ಬಂದು ಬಾಗಿಲು ತೆರೆಯಬೇಕು. ಮಿದುಳಿನ ರಕ್ತನಾಳಗಳ ಒಳಗೋಡೆಯ ಕೋಶಗಳಿಗೂ ನರಕೋಶಗಳಿಗೂ ಗ್ಲೂಕೋಸ್ ಒಳಬರಲು ಇನ್ಸುಲಿನ್‌ನ ಅಪ್ಪಣೆ ಬೇಕಾಗಿಲ್ಲ. ಉಪವಾಸದ ದಿನ ಇದೊಂದು ವರ. ಇನ್ಸುಲಿನ್ ಇಳಿದರೂ ಮಿದುಳು ಉಪವಾಸ ಬೀಳುವುದಿಲ್ಲ. ಆದರೆ ಚಿಲಕವಿಲ್ಲದ ಬಾಗಿಲು ಬೇಕಾದವರನ್ನು ಒಳಗೆ ಬಿಡುವಂತೆ ಬೇಡದವರನ್ನೂ ಬಿಡುತ್ತದೆ. ರಕ್ತದಲ್ಲಿ ಗ್ಲೂಕೋಸ್ ಏರಿದಾಗ ಸ್ನಾಯುಕೋಶ ತನ್ನ ಬಾಗಿಲನ್ನು ಓರೆ ಮಾಡಿಕೊಳ್ಳಬಲ್ಲದು. ರಕ್ತನಾಳದ ಒಳಗೋಡೆಯ ಕೋಶ ಅಷ್ಟು ಮಾಡಲಾರದು. ಹೊರಗೆಷ್ಟು ಏರಿತೋ ಒಳಗೂ ಅದಕ್ಕೆ ತಕ್ಕಂತೆ ಏರುತ್ತದೆ. ಮಧುಮೇಹ ಕಣ್ಣು, ಮೂತ್ರಪಿಂಡ, ನರ, ಮಿದುಳುಗಳನ್ನೇ ಆರಿಸಿಕೊಂಡಂತೆ ಕಾಡುವುದೇಕೆ ಎಂಬ ಪ್ರಶ್ನೆಗೆ ಸಿಕ್ಕಿರುವ ಉತ್ತರಗಳಲ್ಲಿ ಇದು ಮುಖ್ಯವಾದದ್ದು.

ಹೀಗೆ ಒಳಗೆ ಬಂದ ಹೆಚ್ಚುವರಿ ಗ್ಲೂಕೋಸ್ ಹೆಚ್ಚುವರಿ ಬುದ್ಧಿಯಾಗಿ ಪರಿಣಮಿಸುವುದಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಅದರಲ್ಲಿ ಒಂದು ಭಾಗ ಸಾರ್ಬಿಟಾಲ್ ಎಂಬ ಬೇರೊಂದು ವಸ್ತುವಾಗುತ್ತದೆ, ಹಾಗಾಗುವಾಗ ಕೋಶದ ರಕ್ಷಣಾ ಸಾಮಗ್ರಿಯೂ ಖರ್ಚಾಗುತ್ತದೆ. ಮೈಟೊಕಾಂಡ್ರಿಯಾಗಳು, ಅಂದರೆ ಕೋಶದ ಒಲೆಗಳು, ತಾಳಲಾರದಷ್ಟು ಇಂಧನ ಬಿದ್ದು ಹೆಚ್ಚು ಹೊಗೆಯುಗುಳುತ್ತವೆ. ಈ ಹೊಗೆಯೇ ಕೋಶಕ್ಕೆ ಹಾನಿ ಮಾಡುವ ಉತ್ಕರ್ಷಣಕಾರಿ ಕಣಗಳು. ಮೂರನೆಯದು ನಿಮಗೆ ಆಗಲೇ ಪರಿಚಿತವಾಗಿರುವ ಸಂಗತಿ, ಹೆಸರು ಮಾತ್ರ ಬೇರೆ. ಗ್ಲೂಕೋಸ್ ತಾನಾಗಿಯೇ ಹೋಗಿ ಪ್ರೋಟೀನ್‌ಗಳಿಗೆ ಅಂಟಿಕೊಳ್ಳುತ್ತದೆ. ಕೆಂಪು ರಕ್ತಕಣದ ಹಿಮೋಗ್ಲೋಬಿನ್‌ಗೆ ಅಂಟಿಕೊಂಡದ್ದನ್ನು ಪ್ರಯೋಗಾಲಯದಲ್ಲಿ ಅಳೆದು ಕೊಡುತ್ತಾರಲ್ಲ, ಅದೇ ಎಚ್‌ಬಿಎ1ಸಿ. ನಿಮ್ಮ 8.6 ಎಂದರೆ ಕಳೆದ ಎರಡು ಮೂರು ತಿಂಗಳಲ್ಲಿ ರಕ್ತದ ಸಕ್ಕರೆಯ ಸರಾಸರಿ ಡೆಸಿಲೀಟರಿಗೆ ಸುಮಾರು 200 ಮಿಲಿಗ್ರಾಂ ಎಂದು ಅರ್ಥ.

ಇಲ್ಲೊಂದು ಸೂಕ್ಷ್ಮವಿದೆ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಕಣ ಸತ್ತಾಗ ಅದಕ್ಕಂಟಿದ ಸಕ್ಕರೆಯೂ ಹೋಗುತ್ತದೆ. ನಾಲ್ಕು ತಿಂಗಳು ಶಿಸ್ತಿನಿಂದಿದ್ದರೆ ವರದಿ ಹಸನಾಗಿ ಬರುವುದು ಇದರಿಂದಲೇ. ಆದರೆ ರಕ್ತನಾಳದ ಗೋಡೆಯಲ್ಲಿರುವ ಕೊಲ್ಯಾಜೆನ್‌ನಂಥ ಪ್ರೋಟೀನ್‌ಗಳು ವರ್ಷಗಟ್ಟಲೆ ಬದಲಾಗದೆ ಉಳಿಯುತ್ತವೆ. ಅವುಗಳಿಗೆ ಅಂಟಿದ ಸಕ್ಕರೆ ಕಾಲಕ್ರಮದಲ್ಲಿ ಬೇರೆ ರೂಪ ತಳೆದು, ಎಳೆಗಳನ್ನು ಒಂದಕ್ಕೊಂದು ಬಿಗಿದು, ಗೋಡೆಯನ್ನು ಪೆಡಸು ಮಾಡುತ್ತದೆ. ನಾಳದ ಲೆಕ್ಕ ಪುಸ್ತಕದಲ್ಲಿ ಹನ್ನೊಂದು ವರ್ಷದ ಬಾಕಿ ಇರುತ್ತದೆ. ವರದಿಯಲ್ಲಿ ಕಾಣುವುದು ಈ ತ್ರೈಮಾಸಿಕದ್ದು ಮಾತ್ರ. ಲೆಕ್ಕಪತ್ರದವರಾದ ನಿಮಗೆ ಈ ಮಾತು ಬೇಗ ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ.

ಮಿದುಳಿನಲ್ಲಿ ಈ ಬಾಕಿ ಮೊದಲು ಕಾಣುವುದು ಕೂದಲೆಳೆಗಿಂತ ತೆಳುವಾದ ನಾಳಗಳಲ್ಲಿ. ಮಿದುಳಿನ ಒಳಭಾಗದ ಬಿಳಿಯ ಪ್ರದೇಶದಲ್ಲಿ ಒಂದು ಭಾಗದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವ ತಂತುಗಳಿವೆ. ಅಲ್ಲಿಗೆ ರಕ್ತ ಒದಗಿಸುವ ನಾಳಗಳು ಉದ್ದವಾಗಿ, ಕಿರಿದಾಗಿ, ಹೆಚ್ಚಿನ ಕವಲುಗಳಿಲ್ಲದೆ ಸಾಗುತ್ತವೆ. ಒಂದು ಕಟ್ಟಿದರೆ ಬಳಸುದಾರಿ ಇಲ್ಲ. ನಾಳ ಪೆಡಸಾದಾಗ, ಬೇಕೆಂದಾಗ ಹಿಗ್ಗಿ ಹೆಚ್ಚು ರಕ್ತ ಬಿಡುವ ಗುಣವೂ ಕುಗ್ಗುತ್ತದೆ. ಎಂಆರ್‌ಐ ಚಿತ್ರದಲ್ಲಿ ಇದು ಬಿಳಿಯ ಮಚ್ಚೆಗಳಾಗಿ, ಕೆಲವೊಮ್ಮೆ ಸಣ್ಣ ಕುಳಿಗಳಾಗಿ ಕಾಣುತ್ತದೆ. ಈ ಕುಳಿಗಳು ಸದ್ದಿಲ್ಲದೆ ಆಗಿಹೋದ ಪಾರ್ಶ್ವವಾಯುಗಳು. ಕೈ ಸೋತಿರುವುದಿಲ್ಲ, ಬಾಯಿ ಸೊಟ್ಟಗಾಗಿರುವುದಿಲ್ಲ, ರೋಗಿಗೆ ಸುಳಿವೇ ಸಿಕ್ಕಿರುವುದಿಲ್ಲ.

ತಂತುಗಳು ಸವೆದರೆ ಮೊದಲು ಕುಂದುವುದು ವೇಗ. ನೆನಪಿನ ಸರದಿ ಆಮೇಲಿನದು. ಒಂದು ಅಂಕಿಯನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಇನ್ನೊಂದನ್ನು ಕೂಡಿಸುವುದು, ಎರಡು ಕೆಲಸಗಳ ನಡುವೆ ಗಮನ ಬದಲಿಸುವುದು, ಮಾತಿನ ನಡುವೆ ತಕ್ಕ ಪದ ಹುಡುಕುವುದು ಇವೆಲ್ಲ ತಡವಾಗುತ್ತವೆ. ಹೆಸರು ಮರೆತುಹೋಗಿರುವುದಿಲ್ಲ, ಬರಲು ತಡಮಾಡುತ್ತದೆ. ಸ್ನಾನ ಮಾಡುವಾಗಲೋ ಮಲಗುವಾಗಲೋ ತಾನಾಗಿ ಹೊಳೆಯುತ್ತದೆ. ನೀವು ವಿವರಿಸಿರುವ ಲೆಕ್ಕದ ತೊಂದರೆ ಈ ಬಗೆಯದು. ದೀರ್ಘಕಾಲದ ಮಧುಮೇಹಿಗಳನ್ನು ಗುಂಪಾಗಿ ಪರೀಕ್ಷಿಸಿದಾಗ ಕಾಣುವ ವ್ಯತ್ಯಾಸ ಸಾಮಾನ್ಯವಾಗಿ ಸಣ್ಣದು. ಮಿದುಳಿನ ಗಾತ್ರದಲ್ಲಿ ಕಾಣುವ ಇಳಿಕೆ ಸಹಜ ವಯಸ್ಸಾಗುವಿಕೆಯ ಎರಡರಿಂದ ಐದು ವರ್ಷಗಳಷ್ಟು ಎಂಬುದು ಒಪ್ಪಿತ ಅಂದಾಜು. ‘ಸಕ್ಕರೆ ಮಿದುಳನ್ನು ಕರಗಿಸುತ್ತದೆ’ ಎಂಬ ಶೀರ್ಷಿಕೆಗಳನ್ನು ಬರೆಯುವವರಿಗೆ ಈ ಅಂಕಿ ರುಚಿಸುವುದಿಲ್ಲ.

ದೊಡ್ಡ ನಾಳಗಳ ಮಾತೂ ಇದೆ, ಅದನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ: ರಕ್ತ ಹೆಪ್ಪುಗಟ್ಟಿ ಬರುವ ಪಾರ್ಶ್ವವಾಯುವಿನ ಅಪಾಯ ಮಧುಮೇಹಿಗಳಲ್ಲಿ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಕಣ್ಣಿನ ಅಕ್ಷಿಪಟಲದ (ರೆಟಿನಾ) ತಪಾಸಣೆಯನ್ನು ಮುಂದೂಡುವವರಿಗೂ ಒಂದು ಮಾತು. ಅಕ್ಷಿಪಟಲ ಹುಟ್ಟಿನಿಂದ ಮಿದುಳಿನದೇ ಭಾಗ. ತಲೆಬುರುಡೆ ತೆರೆಯದೆ ಮಿದುಳಿನ ಸಣ್ಣ ನಾಳಗಳ ನಂಟರನ್ನು ಕಣ್ಣಾರೆ ನೋಡಬಹುದಾದ ಜಾಗ ಅದೊಂದೇ.

ಇಷ್ಟು ವರ್ಷಗಳ ಲೆಕ್ಕವಾಯಿತು. ದಿನದ ಲೆಕ್ಕ ಬೇರೆಯೇ ಇದೆ, ನಿಮ್ಮ ತೊಂದರೆಯಲ್ಲಿ ಒಂದು ಪಾಲು ಅದರದ್ದಿರಬಹುದು. ಸಂತೋಷದ ಸುದ್ದಿಯೆಂದರೆ ಆ ಪಾಲು ಮರಳಿ ಬರುವಂಥದು. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮಧುಮೇಹಿಗಳು ತಮ್ಮ ನಿತ್ಯಜೀವನದ ನಡುವೆಯೇ ಸಕ್ಕರೆ ಅಳೆದುಕೊಂಡು, ಜೊತೆಗೇ ಸಣ್ಣ ಲೆಕ್ಕ ಮತ್ತು ಪದಗಳ ಪರೀಕ್ಷೆ ಮಾಡಿಕೊಂಡರು. ಸಕ್ಕರೆ 270 ಮಿಲಿಗ್ರಾಂ ದಾಟಿದಾಗ ಹಲವರಲ್ಲಿ ವೇಗ ಕುಗ್ಗಿತು, ಲೆಕ್ಕದಲ್ಲಿ ತಪ್ಪುಗಳು ಹೆಚ್ಚಾದವು. ಎಲ್ಲರಲ್ಲೂ ಹೀಗಾಗಲಿಲ್ಲ. ಪ್ರಯೋಗಾಲಯದಲ್ಲಿ ಸಕ್ಕರೆಯನ್ನು ಬೇಕೆಂದೇ 300ರ ಸುಮಾರಿಗೆ ಏರಿಸಿ ನೋಡಿದಾಗಲೂ ಆಲೋಚನೆ ನಿಧಾನವಾದದ್ದು, ಜೊತೆಗೆ ಮನಸ್ಸು ಜಡವಾದದ್ದು, ಸಿಡುಕು ಬಂದದ್ದು ದಾಖಲಾಗಿದೆ. ಊಟವಾದ ಎರಡು ತಾಸಿಗೆ ತಲೆ ಮಂಜಾದಂತಾಗುತ್ತದೆ ಎಂದು ನನ್ನಲ್ಲಿಗೆ ಬರುವ ಹಲವರು ಹೇಳುತ್ತಾರೆ. ಸರಾಸರಿಯೇ 200 ಇರುವ ನಿಮ್ಮಂಥವರಿಗೆ ಊಟದ ನಂತರ 270 ಮುಟ್ಟುವುದು ಕಷ್ಟವೇನಲ್ಲ.

ಆದ್ದರಿಂದ ಒಂದು ಕೆಲಸ ಮಾಡಿ. ಎರಡು ವಾರ, ತಲೆ ಓಡುತ್ತಿಲ್ಲ ಎನಿಸಿದ ಗಳಿಗೆಯಲ್ಲಿ ಗ್ಲೂಕೋಮೀಟರ್‌ನಲ್ಲಿ ಸಕ್ಕರೆ ನೋಡಿ ಬರೆದಿಡಿ. ತಲೆ ಚುರುಕಾಗಿದೆ ಎನಿಸಿದಾಗಲೂ ಬರೆದಿಡಿ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮಂಕು ಏರಿಕೆಯ ಜೊತೆಗಿದೆಯೋ, ಇಳಿಕೆಯ ಜೊತೆಗಿದೆಯೋ, ಯಾವುದರ ಜೊತೆಗೂ ಇಲ್ಲವೋ ತಿಳಿಯುತ್ತದೆ. ಇಳಿಕೆಯನ್ನು ಸುಮ್ಮನೆ ಹೇಳಲಿಲ್ಲ. ಗ್ಲಿಮೆಪಿರೈಡ್ ಸಕ್ಕರೆಯನ್ನು ಅಗತ್ಯಕ್ಕಿಂತ ಕೆಳಗೂ ಒಯ್ಯಬಲ್ಲ ಮಾತ್ರೆ. ಎಚ್‌ಬಿಎ1ಸಿ ಹೆಚ್ಚಿದೆ ಎಂದ ಮಾತ್ರಕ್ಕೆ ಇಳಿಕೆಗಳು ಇಲ್ಲವೆಂದಾಗುವುದಿಲ್ಲ. ಬೆಳಿಗ್ಗೆ 60, ಮಧ್ಯಾಹ್ನ 320 ಆದರೂ ಸರಾಸರಿಯಲ್ಲಿ ಎರಡೂ ಮುಚ್ಚಿಹೋಗುತ್ತವೆ.

ಈಗ ನಿಮ್ಮ ನಿದ್ದೆ ಕೆಡಿಸಿದ ‘ಮೂರನೇ ಬಗೆಯ ಮಧುಮೇಹ’. ಈ ಹೆಸರು ಚಾಲ್ತಿಗೆ ಬಂದದ್ದು 2005ರಲ್ಲಿ, ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸುಝಾನ್ ಡಿ ಲಾ ಮಾಂಟೆ ಮತ್ತು ಸಂಗಡಿಗರ ಸಂಶೋಧನೆಯಿಂದ. ಅಲ್ಝೈಮರ್‌ನಿಂದ ತೀರಿಕೊಂಡವರ ಮಿದುಳಿನಲ್ಲಿ ಇನ್ಸುಲಿನ್‌ನ ಸಂದೇಶ ಸರಿಯಾಗಿ ನಡೆಯುತ್ತಿರಲಿಲ್ಲ ಎಂಬುದು ಅವರ ಗಮನಕ್ಕೆ ಬಂದಿತ್ತು. ಮಿದುಳಿನಲ್ಲಿ ಇನ್ಸುಲಿನ್‌ನ ಕೆಲಸ ಗ್ಲೂಕೋಸ್ ಒಳಗೆ ಬಿಡುವುದಲ್ಲ, ನರಕೋಶಗಳ ನಂಟನ್ನು ಗಟ್ಟಿಗೊಳಿಸಿ ನೆನಪು ಕೂಡಿಡಲು ನೆರವಾಗುವುದು. ಇದಕ್ಕೆ ಪೂರಕವಾದ ಇನ್ನೊಂದು ಸಂಗತಿಯೂ ಇದೆ. ಇನ್ಸುಲಿನ್ ಅನ್ನು ಒಡೆದುಹಾಕುವ ಒಂದು ಕಿಣ್ವವೇ ಅಲ್ಝೈಮರ್‌ನಲ್ಲಿ ಗುಡ್ಡೆಬೀಳುವ ಅಮೈಲಾಯ್ಡ್ ಎಂಬ ಪ್ರೋಟೀನನ್ನೂ ಒಡೆಯುತ್ತದೆ. ಇನ್ಸುಲಿನ್ ಸದಾ ಹೆಚ್ಚಿದ್ದರೆ ಕಿಣ್ವ ಅದರಲ್ಲೇ ಮುಳುಗಿ ಅಮೈಲಾಯ್ಡ್ ಉಳಿದುಬಿಡಬಹುದು ಎಂಬುದು ತರ್ಕ.

ತರ್ಕ ಚೆನ್ನಾಗಿದೆ. ಆದರೆ ಈ ಹೆಸರು ಯಾವ ವೈದ್ಯಕೀಯ ವರ್ಗೀಕರಣದಲ್ಲೂ ಸೇರಿಲ್ಲ, ಸೇರದಿರುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಮರಣೋತ್ತರ ಪರೀಕ್ಷೆಗಳಲ್ಲಿ ಮಧುಮೇಹಿಗಳ ಮಿದುಳಿನಲ್ಲಿ ಮತ್ತೆ ಮತ್ತೆ ಕಂಡುಬಂದದ್ದು ಸಣ್ಣ ದೊಡ್ಡ ನಾಳಗಳು ಕಟ್ಟಿ ಆದ ಹಾನಿ. ಅಮೈಲಾಯ್ಡ್ ಗುಡ್ಡೆಗಳು ಉಳಿದವರಿಗಿಂತ ಹೆಚ್ಚಿರಲಿಲ್ಲ. ಮಧುಮೇಹದ ಒಲವುಳ್ಳ ವಂಶವಾಹಿಗಳನ್ನು ಹೊತ್ತವರಲ್ಲಿ ಅಲ್ಝೈಮರ್ ಹೆಚ್ಚಿದೆಯೇ ಎಂದು ಹುಡುಕಿದ ಅಧ್ಯಯನಗಳಿಗೂ ಗಟ್ಟಿ ನಂಟು ಸಿಗಲಿಲ್ಲ. ಮೂಗಿನ ಮೂಲಕ ಇನ್ಸುಲಿನ್ ಕೊಟ್ಟು ನೋಡಿದರು; 2020ರಲ್ಲಿ ಹೊರಬಂದ ದೊಡ್ಡ ಪ್ರಯೋಗದಲ್ಲಿ ಪ್ರಯೋಜನ ಕಾಣಲಿಲ್ಲ. ಮಧುಮೇಹಕ್ಕೆ ಕೊಡುವ ಸೆಮಾಗ್ಲುಟೈಡ್ ಔಷಧ ಆರಂಭಿಕ ಹಂತದ ಅಲ್ಝೈಮರ್‌ನ ಓಟವನ್ನು ತಡೆಯಬಹುದೆಂಬ ದೊಡ್ಡ ನಿರೀಕ್ಷೆಯೂ 2025ರಲ್ಲಿ ಹುಸಿಯಾಯಿತು. ಅಲ್ಝೈಮರ್ ಸಕ್ಕರೆ ಕಾಯಿಲೆಯ ಇನ್ನೊಂದು ರೂಪವೇ ಆಗಿದ್ದರೆ ಇವುಗಳಲ್ಲಿ ಒಂದಾದರೂ ಫಲಿಸಬೇಕಿತ್ತಲ್ಲವೇ? ನನಗೆ ಕಾಣುವ ಚಿತ್ರ ಹೀಗೆ: ಅಲ್ಝೈಮರ್ ಬರುವವರಿಗೆ ಬರುತ್ತದೆ, ಮಧುಮೇಹ ನಾಳಗಳನ್ನು ಸವೆಸಿ ಮಿದುಳಿನ ಉಳಿತಾಯವನ್ನು ಮೊದಲೇ ಖರ್ಚು ಮಾಡಿರುತ್ತದೆ. ಆದ್ದರಿಂದ ಇಬ್ಬರಿಗೆ ಅಷ್ಟೇ ಪ್ರಮಾಣದ ಅಲ್ಝೈಮರ್ ಹಾನಿ ಇದ್ದರೂ ಮಧುಮೇಹಿಯಲ್ಲಿ ಅದು ಮುಂಚೆ ಬಯಲಿಗೆ ಬರುತ್ತದೆ.

ಹಾಗೆಂದು ಅಪಾಯವನ್ನು ಹಗುರ ಮಾಡುತ್ತಿಲ್ಲ. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ಅಧ್ಯಯನ 1999ರಲ್ಲೇ ಮಧುಮೇಹಿಗಳಲ್ಲಿ ಮರೆಗುಳಿತನದ (ಡಿಮೆನ್ಷಿಯಾ, ಅಂದರೆ ಅಲ್ಝೈಮರ್ ಸೇರಿದಂತೆ ನೆನಪು ಅಳಿಸುವ ಕಾಯಿಲೆಗಳ) ಅಪಾಯ ಹೆಚ್ಚುಕಡಿಮೆ ಎರಡು ಪಟ್ಟು ಎಂದಿತ್ತು. 2013ರಲ್ಲಿ ಅಮೆರಿಕದ ಸಿಯಾಟಲ್‌ನಿಂದ ಬಂದ ವರದಿ ಇನ್ನೂ ಕುತೂಹಲದ್ದು. ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹಿರಿಯರನ್ನು ವರ್ಷಗಳ ಕಾಲ ಹಿಂಬಾಲಿಸಿ ನೋಡಿದ್ದರು. ಮಧುಮೇಹವೇ ಇಲ್ಲದವರಲ್ಲೂ ಸರಾಸರಿ ಸಕ್ಕರೆ 115 ಇದ್ದವರಿಗೆ 100 ಇದ್ದವರಿಗಿಂತ ಮರೆಗುಳಿತನದ ಅಪಾಯ ಶೇ 18ರಷ್ಟು ಹೆಚ್ಚಿತ್ತು. ಮಧುಮೇಹಿಗಳಲ್ಲಿ 190ರ ಸರಾಸರಿಯವರಿಗೆ 160ರವರಿಗಿಂತ ಶೇ 40ರಷ್ಟು ಹೆಚ್ಚಿತ್ತು. ಬ್ರಿಟನ್ನಿನ ವೈಟ್‌ಹಾಲ್ ಅಧ್ಯಯನ 2021ರಲ್ಲಿ ಇನ್ನೊಂದು ಮಾತು ಸೇರಿಸಿತು: ಮಧುಮೇಹ ಎಷ್ಟು ಬೇಗ ಶುರುವಾಯಿತೋ ಅಪಾಯ ಅಷ್ಟು ಹೆಚ್ಚು. 47ರಲ್ಲಿ ಶುರುವಾದ ನಿಮ್ಮ ಕಾಯಿಲೆಯನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ‘ಎರಡು ಪಟ್ಟು’ ಎಂಬ ಮಾತನ್ನು ಓದುವ ರೀತಿಯೊಂದಿದೆ. ಒಂದು ವಯಸ್ಸಿನಲ್ಲಿ ನೂರರಲ್ಲಿ ಐವರಿಗೆ ಬರುವ ಕಾಯಿಲೆ ಹತ್ತು ಜನರಿಗೆ ಬಂದರೂ ಅದು ಎರಡು ಪಟ್ಟೇ; ಆಗಲೂ ತೊಂಬತ್ತು ಜನ ಹೊರಗಿರುತ್ತಾರೆ.

ಹಾಗಾದರೆ ಸಕ್ಕರೆಯನ್ನು ಬಿಗಿಯಾಗಿ ಇಳಿಸಿದರೆ ಅಪಾಯವೂ ಇಳಿಯಬೇಕಲ್ಲ? ನಾವೂ ಹಾಗೆಯೇ ಎಣಿಸಿದ್ದೆವು. ಅಮೆರಿಕ ಮತ್ತು ಕೆನಡಾದಲ್ಲಿ ಎರಡನೇ ಬಗೆಯ ಮಧುಮೇಹವುಳ್ಳ ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಅಕಾರ್ಡ್ ಎಂಬ ಪ್ರಯೋಗದಲ್ಲಿ ಒಂದು ಗುಂಪಿನ ಎಚ್‌ಬಿಎ1ಸಿಯನ್ನು 6ಕ್ಕಿಂತ ಕೆಳಗೆ ಇಳಿಸುವ ಗುರಿಯಿತ್ತು, ಇನ್ನೊಂದು ಗುಂಪಿಗೆ 7ರಿಂದ 7.9 ಸಾಕೆಂದಿತ್ತು. ಬಿಗಿಯ ಗುಂಪಿನಲ್ಲಿ ಸಾವುಗಳು ಹೆಚ್ಚಾದದ್ದರಿಂದ 2008ರಲ್ಲಿ ಆ ಭಾಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. ಅದೇ ಪ್ರಯೋಗದ ಸುಮಾರು ಮೂರು ಸಾವಿರ ಜನರಲ್ಲಿ ಮಿದುಳಿನ ಪರೀಕ್ಷೆಗಳನ್ನೂ ಮಾಡಿದ್ದರು. 40 ತಿಂಗಳ ನಂತರ ಬಿಗಿಯ ಗುಂಪಿನವರ ಮಿದುಳಿನ ಗಾತ್ರ ತುಸು ಹೆಚ್ಚು ಉಳಿದಿತ್ತು, ಆದರೆ ನೆನಪು ಮತ್ತು ಆಲೋಚನೆಯಲ್ಲಿ ಎರಡೂ ಗುಂಪುಗಳು ಒಂದೇ ಆಗಿದ್ದವು. ನಿಮ್ಮ ‘ಮೂರು ತಿಂಗಳಲ್ಲಿ 6’ ಎಂಬ ಯೋಜನೆ ನೆಚ್ಚಿಕೊಂಡಿರುವುದು ಇಷ್ಟು ಬಡ ಫಲಿತಾಂಶವನ್ನು.

ಕೆಳಗಿಳಿಸುವಾಗಿನ ಅಪಾಯ ಬೇರೆ. ಉತ್ತರ ಕ್ಯಾಲಿಫೋರ್ನಿಯಾದ ಹದಿನಾರು ಸಾವಿರಕ್ಕೂ ಹೆಚ್ಚು ಹಿರಿಯ ಮಧುಮೇಹಿಗಳ ದಾಖಲೆಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಸಕ್ಕರೆ ತೀರಾ ಇಳಿದು ಆಸ್ಪತ್ರೆ ಸೇರುವ ಪ್ರಸಂಗ ಮೂರು ಅಥವಾ ಹೆಚ್ಚು ಬಾರಿ ಬಂದವರಲ್ಲಿ ಮುಂದೆ ಮರೆಗುಳಿತನ ಬರುವ ಅಪಾಯ ಸುಮಾರು ಎರಡು ಪಟ್ಟಾಗಿತ್ತು. ಇದರಲ್ಲಿ ಕಾರಣ ಯಾವುದು, ಕಾರ್ಯ ಯಾವುದು ಎಂಬ ಗೊಂದಲ ಇದ್ದೇ ಇದೆ. ಮರೆವು ಶುರುವಾದವರು ಮಾತ್ರೆ ನುಂಗಿದ್ದನ್ನು ಮರೆತು ಮತ್ತೊಮ್ಮೆ ನುಂಗುತ್ತಾರೆ, ಊಟ ಬಿಡುತ್ತಾರೆ, ಅದರಿಂದಲೂ ಸಕ್ಕರೆ ಇಳಿಯುತ್ತದೆ. ಎರಡೂ ದಿಕ್ಕಿನಲ್ಲಿ ಎಳೆತವಿದೆ ಎಂದೇ ನನ್ನ ಎಣಿಕೆ. ಇನ್ನು, ಎಚ್‌ಬಿಎ1ಸಿ ಮೂರು ತಿಂಗಳಲ್ಲಿ ಎರಡು ಅಂಶಕ್ಕಿಂತ ಹೆಚ್ಚು ಕುಸಿದಾಗ ಕೆಲವರಲ್ಲಿ ಅಕ್ಷಿಪಟಲದ ತೊಂದರೆ ತಾತ್ಕಾಲಿಕವಾಗಿ ಉಲ್ಬಣಿಸುವುದೂ, ಕಾಲಿನ ನರಗಳಲ್ಲಿ ತೀವ್ರ ಉರಿನೋವು ಕಾಣಿಸಿಕೊಳ್ಳುವುದೂ ಉಂಟು. 8.6ರಿಂದ 6ಕ್ಕೆ ಎಂದರೆ 2.6 ಅಂಶ.

ನಿರಾಶೆಗೊಳ್ಳಬೇಡಿ, ಇನ್ನೊಂದು ಬದಿಯೂ ಇದೆ. ಮೊದಲನೇ ಬಗೆಯ ಮಧುಮೇಹವುಳ್ಳವರನ್ನು ಹರೆಯದಿಂದ ಹಿಂಬಾಲಿಸಿದ ದೀರ್ಘ ಅಧ್ಯಯನವೊಂದು ಅಮೆರಿಕ, ಕೆನಡಾಗಳಲ್ಲಿ 1983ರಲ್ಲಿ ಶುರುವಾಯಿತು. 18 ವರ್ಷಗಳಾದಾಗ ನೋಡಿದರೆ ಆಲೋಚನೆಯ ವ್ಯತ್ಯಾಸ ತೀರಾ ಸಣ್ಣದಿತ್ತು. ಸಕ್ಕರೆ ಹೆಚ್ಚಿದ್ದವರ ಕೈ ಮತ್ತು ಮನಸ್ಸಿನ ವೇಗ ಮಾತ್ರ ತುಸು ಕುಗ್ಗಿತ್ತು. 32 ವರ್ಷಗಳಾಗುವ ಹೊತ್ತಿಗೆ ಆ ಅಂತರ ಎದ್ದು ಕಾಣುವಷ್ಟಾಯಿತು. ಆಗ ಆಲೋಚನೆಯ ಕುಸಿತಕ್ಕೆ ನಂಟು ಹೊಂದಿದ್ದ ಸಂಗತಿಗಳು ಮೂರು: ವರ್ಷಗಳ ಕಾಲ ಏರಿದ್ದ ಎಚ್‌ಬಿಎ1ಸಿ, ಪದೇ ಪದೇ ತೀರಾ ಇಳಿದ ಸಕ್ಕರೆ, ಏರಿದ್ದ ರಕ್ತದೊತ್ತಡ. 40 ತಿಂಗಳಲ್ಲಿ ಕಾಣದ್ದು 32 ವರ್ಷಗಳಲ್ಲಿ ಕಂಡಿತು. ನಿಮಗೆ ನಾನು ಹೇಳಬೇಕಾದ ಮುಖ್ಯ ಮಾತು ಇದೇ: ಹಾನಿ ಆಗುವುದೂ ನಿಧಾನವಾಗಿ, ತಡೆಯುವುದೂ ನಿಧಾನವಾಗಿ. ಒಂದು ತ್ರೈಮಾಸಿಕದಲ್ಲಿ ಸಾಲ ತೀರಿಸುವ ಹಟ ಇಲ್ಲಿ ನಡೆಯುವುದಿಲ್ಲ.

ನಿಮ್ಮ ವಯಸ್ಸಿಗೆ 7ರ ಆಸುಪಾಸಿನ ಗುರಿ ಸಾಮಾನ್ಯವಾಗಿ ಸರಿ. ಆರು ತಿಂಗಳಿಂದ ಒಂದು ವರ್ಷದಲ್ಲಿ ಅಲ್ಲಿಗೆ ಬಂದರೆ ಸಾಕು. ಇಳಿಸಲು ಹೊರಡುವ ಮುನ್ನ ಅಕ್ಷಿಪಟಲ ಮತ್ತು ಮೂತ್ರಪಿಂಡದ ಪರೀಕ್ಷೆ ಆಗಿರಲಿ. ಮೂತ್ರಪಿಂಡ ದುರ್ಬಲವಾಗಿದ್ದರೆ ಗ್ಲಿಮೆಪಿರೈಡ್‌ನ ಪ್ರಭಾವ ಹೆಚ್ಚು ಹೊತ್ತು ಉಳಿದು ಸಕ್ಕರೆ ಕುಸಿಯಬಹುದು. ಅದರ ಬದಲು ಸಕ್ಕರೆಯನ್ನು ತೀರಾ ಇಳಿಸದ ಬೇರೆ ಮಾತ್ರೆ ಆದೀತೇ ಎಂದು ನಿಮ್ಮ ವೈದ್ಯರನ್ನು ಕೇಳುವುದರಲ್ಲಿ ತಪ್ಪೇನಿಲ್ಲ. ಈ ನಡುವೆ ಬೆವರು, ನಡುಕ, ಎದೆಬಡಿತ, ಇದ್ದಕ್ಕಿದ್ದಂತೆ ಮಂಕು ಬಂದು ಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ 15 ಗ್ರಾಂ ಗ್ಲೂಕೋಸ್ ತೆಗೆದುಕೊಂಡು 15 ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಅಂಥ ಗಳಿಗೆಯಲ್ಲಿ ಸಕ್ಕರೆಗೆ ಹೆದರುವುದು ಸಲ್ಲ.

ಎಲ್ಲವನ್ನೂ ಸಕ್ಕರೆಯ ತಲೆಗೆ ಕಟ್ಟುವ ಮೊದಲು ಬೇರೆ ಕೆಲವನ್ನು ಹುಡುಕಬೇಕು. ನನ್ನ ಅನುಭವದಲ್ಲಿ ಮಧುಮೇಹಿಯ ಮರೆವಿಗೆ ಸುಲಭವಾಗಿ ಸರಿಪಡಿಸಬಹುದಾದ ಕಾರಣವೊಂದು ಸಿಕ್ಕಾಗ ಆಗುವಷ್ಟು ಸಂತೋಷ ವೈದ್ಯನಿಗೆ ಬೇರೆ ಇಲ್ಲ. ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಜೀವಸತ್ವ ಕುಸಿಯಬಹುದು. ಅದರ ಕೊರತೆ ಮರೆವು, ಕಾಲಿನ ಜೋಮು, ಬೇಸರ ಎಲ್ಲವನ್ನೂ ತರುತ್ತದೆ. ಈ ಮೂರನ್ನೂ ನಾವು ಸುಮ್ಮನೆ ‘ಶುಗರ್‌ನಿಂದ’ ಎಂದುಬಿಡುತ್ತೇವೆ. ಇದೇ ಕೊರತೆಯಿಂದ ರಕ್ತಹೀನತೆ ಬಂದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚಾಗಿಯೂ ಕಾಣಬಹುದು. ಹನ್ನೊಂದು ವರ್ಷ ನುಂಗಿದ್ದೀರಾದರೆ ಈ ಪರೀಕ್ಷೆ ಈ ವಾರವೇ ಆಗಲಿ. ಥೈರಾಯ್ಡ್ ಕೂಡ ನೋಡಿಸಿ. ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತೀರಾ, ನಡುವೆ ಉಸಿರು ನಿಂತಂತಾಗುತ್ತದೆಯೇ ಎಂದು ಮನೆಯವರನ್ನು ಕೇಳಿ. ನಿದ್ದೆಯಲ್ಲಿ ಉಸಿರುಕಟ್ಟುವ ತೊಂದರೆ ಮಧುಮೇಹಿಗಳಲ್ಲಿ ಸಾಮಾನ್ಯ, ಮರುದಿನದ ಮಂಕಿಗೆ ಅದೊಂದೇ ಸಾಕು. ಖಿನ್ನತೆಯೂ ಅಷ್ಟೇ, ಉಳಿದವರಿಗಿಂತ ಮಧುಮೇಹಿಗಳಲ್ಲಿ ಹೆಚ್ಚು. ನಡುವಯಸ್ಸಿನಲ್ಲಿ ಖಿನ್ನತೆ ಅಳುವಾಗಿ ಬರದೆ ಆಸಕ್ತಿ ಕಳೆದುಕೊಂಡ ಮರೆವಾಗಿ ಬರುವುದುಂಟು. ಕಿವಿ ಮಂದವಾಗಿದ್ದರೆ ಕೇಳಿಸದ ಮಾತು ಮರೆತ ಮಾತಿನಂತೆಯೇ ತೋರುತ್ತದೆ. ಅಲರ್ಜಿ, ನಿದ್ದೆ, ಮೂತ್ರದ ತೊಂದರೆಗೆಂದು ಕೊಡುವ ಕೆಲವು ಮಾತ್ರೆಗಳೂ ನೆನಪನ್ನು ಮಸುಕು ಮಾಡುತ್ತವೆ. ‘ನೆನಪಿನ ಶಕ್ತಿಗೆ’ ಎಂದು ಮಾರುವ ಗುಳಿಗೆಗಳಿಗೆ ಮಾತ್ರ ಹಣ ಸುರಿಯಬೇಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾದೀತು.

ರಕ್ತದೊತ್ತಡದ ಬಗ್ಗೆ ನೀವು ಒಂದಕ್ಷರವನ್ನೂ ಬರೆದಿಲ್ಲ. ಬಹುಪಾಲು ಮಧುಮೇಹಿಗಳು ಹೀಗೆಯೇ, ಸಕ್ಕರೆಯ ಅಂಕಿ ನಾಲಿಗೆಯ ತುದಿಯಲ್ಲಿರುತ್ತದೆ, ಒತ್ತಡದ ಅಂಕಿ ಕೇಳಿದರೆ ಮುಖ ನೋಡುತ್ತಾರೆ. ಮಿದುಳಿನ ಸಣ್ಣ ನಾಳಗಳ ಮಟ್ಟಿಗೆ ಒತ್ತಡ ಸಕ್ಕರೆಯಷ್ಟೇ, ನನ್ನ ಎಣಿಕೆಯಲ್ಲಿ ಅದಕ್ಕಿಂತಲೂ ತುಸು ಹೆಚ್ಚು ತೂಕದ ಶತ್ರು. ಮಧುಮೇಹವಿಲ್ಲದ ಹಿರಿಯರಲ್ಲಿ ನಡೆದ ದೊಡ್ಡ ಪ್ರಯೋಗವೊಂದರಲ್ಲಿ ಒತ್ತಡದ ಮೇಲಿನ ಅಂಕಿಯನ್ನು 120ಕ್ಕಿಂತ ಕೆಳಗಿಟ್ಟಾಗ ಆರಂಭಿಕ ಹಂತದ ಮರೆವು ಕಡಿಮೆಯಾದದ್ದು 2019ರಲ್ಲಿ ವರದಿಯಾಗಿದೆ. ಸಕ್ಕರೆಯನ್ನು ಬಿಗಿ ಮಾಡಿದ ಪ್ರಯೋಗಕ್ಕೆ ದಕ್ಕದ ಫಲಿತಾಂಶ ಅದು. ಫಿನ್‌ಲ್ಯಾಂಡಿನಲ್ಲಿ 60ರಿಂದ 77 ವಯಸ್ಸಿನ 1,260 ಜನರ ಮೇಲೆ ಎರಡು ವರ್ಷ ನಡೆದು 2015ರಲ್ಲಿ ಪ್ರಕಟವಾದ ಫಿಂಗರ್ ಪ್ರಯೋಗವೂ ಒಂದೇ ಅಂಕಿಯ ಬೆನ್ನು ಹತ್ತಲಿಲ್ಲ. ಆಹಾರ, ವ್ಯಾಯಾಮ, ಮಿದುಳಿಗೆ ಕಸರತ್ತು, ಒತ್ತಡ ಮತ್ತು ಸಕ್ಕರೆಯ ಮೇಲೆ ನಿಗಾ ಎಲ್ಲವನ್ನೂ ಒಟ್ಟಿಗೆ ಹಿಡಿದದ್ದರಿಂದ ಆಲೋಚನೆಯ ಪರೀಕ್ಷೆಗಳಲ್ಲಿ ಆ ಗುಂಪು ಮುಂದೆ ಬಂತು. ವ್ಯಾಯಾಮದಲ್ಲಿ ಮಧುಮೇಹಿಗೆ ಇನ್ನೊಂದು ಲಾಭವಿದೆ. ದುಡಿಯುವ ಸ್ನಾಯು ಇನ್ಸುಲಿನ್‌ಗಾಗಿ ಕಾಯದೆ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ಊಟವಾದ ಮೇಲೆ ಹದಿನೈದು ಇಪ್ಪತ್ತು ನಿಮಿಷ ನಡೆದರೆ ಆ 270ರ ಏರಿಕೆಯೇ ತಗ್ಗುತ್ತದೆ. ನಡೆದು ಬಂದ ಮೇಲೆ ಒಮ್ಮೆ ಮೀಟರ್ ನೋಡಿ, ನನ್ನ ಮಾತಿಗಿಂತ ಅದು ನಿಮ್ಮನ್ನು ಚೆನ್ನಾಗಿ ಒಪ್ಪಿಸುತ್ತದೆ.

ಈಗ ಮಗಳ ಮಾತು. ಹೆಸರು ತಡವಾಗುವುದು ಒಂದು, ಅರ್ಧ ಗಂಟೆಯ ಹಿಂದೆ ಹೇಳಿದ್ದು ಹೇಳಿದ ನೆನಪೇ ಇಲ್ಲದಿರುವುದು ಇನ್ನೊಂದು. ‘ಆಗಲೇ ಹೇಳಿದಿರಿ’ ಎಂದು ಆಕೆ ನೆನಪಿಸಿದಾಗ ‘ಹೌದಲ್ಲ’ ಎಂದು ನಿಮಗೆ ಹೊಳೆದರೆ ಅದು ಗಮನದ ಕೊರತೆ, ದಣಿವು, ಚಿಂತೆಯ ಕಡೆಗೆ ಬೊಟ್ಟು ಮಾಡುತ್ತದೆ. ನೆನಪಿಸಿದರೂ ಹೊಳೆಯದಿದ್ದರೆ, ಪರಿಚಿತ ದಾರಿಯಲ್ಲಿ ಗೊಂದಲವಾದರೆ, ದಿನನಿತ್ಯದ ಲೆಕ್ಕವನ್ನೇ ಇನ್ನೊಬ್ಬರು ತಿದ್ದಬೇಕಾಗಿ ಬಂದರೆ ನರರೋಗ ತಜ್ಞರ ಬಳಿ ಹೋಗುವುದನ್ನು ಮುಂದೂಡಬಾರದು. ಇದನ್ನು ತೀರ್ಮಾನಿಸಬೇಕಾದವರು ನೀವಲ್ಲ, ಮಗಳು. ತನ್ನ ಮರೆವಿಗೆ ತಾನೇ ಸಾಕ್ಷಿಯಾಗುವುದು ಯಾರಿಂದಲೂ ಆಗದ ಕೆಲಸ. ತಪಾಸಣೆಗೆ ಹೋಗುವಾಗ ಆಕೆಯನ್ನು ಜೊತೆಗೆ ಕರೆದುಕೊಂಡು ಹೋಗಿ. ಯಾವ ಮಾತು, ಎಷ್ಟು ಬಾರಿ, ಯಾವ ಹೊತ್ತಿನಲ್ಲಿ ಎಂದು ಎರಡು ವಾರ ಬರೆದಿಡಲು ಹೇಳಿ. ನಿಮ್ಮ ಮೀಟರಿನ ಅಂಕಿಗಳಿರುವ ಪುಸ್ತಕದ ಎದುರಿನ ಪುಟವನ್ನೇ ಆಕೆಗೆ ಕೊಡಿ.

ಈ ಎರಡು ವಾರಗಳಿಗೂ ಕಾಯಬಾರದ ಪ್ರಸಂಗಗಳಿವೆ. ಇದ್ದಕ್ಕಿದ್ದಂತೆ ಮಾತು ತೊದಲಿದರೆ, ಮುಖ ಒಂದು ಬದಿಗೆ ಸೊಟ್ಟಗಾದರೆ, ಒಂದು ಕೈ ಅಥವಾ ಕಾಲು ಸೋತರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ದಾರಿಯಲ್ಲಿ ಸಕ್ಕರೆ ಅಳೆಯಿರಿ, ಏಕೆಂದರೆ ಸಕ್ಕರೆ ಇಳಿದಾಗಲೂ ಪಾರ್ಶ್ವವಾಯುವಿನಂತೆಯೇ ಕಾಣಬಹುದು. ಆದರೆ ಅಳೆಯುವುದಕ್ಕಾಗಿ ಹೊರಡುವುದನ್ನು ತಡಮಾಡಬೇಡಿ. ಜ್ವರವೋ ವಾಂತಿಯೋ ಬಂದು, ಬಾಯಾರಿಕೆ ಮತ್ತು ಮೂತ್ರ ವಿಪರೀತವಾಗಿ, ಮಂಪರು ಶುರುವಾದರೆ ಸಕ್ಕರೆ 600 ದಾಟಿರುವ ಸಾಧ್ಯತೆಯೂ ಇರುತ್ತದೆ. ಆ ಸ್ಥಿತಿಯಲ್ಲಿ ನಿರ್ಜಲೀಕರಣದಿಂದ ಮಿದುಳೇ ಮೊದಲು ಮಂಕಾಗುವುದರಿಂದ ರೋಗಿಗೆ ತನ್ನ ಸ್ಥಿತಿ ತಿಳಿಯುವುದಿಲ್ಲ. ಈ ಕೊನೆಯ ಭಾಗವನ್ನಾದರೂ ಮನೆಯಲ್ಲಿ ಇನ್ನೊಬ್ಬರು ಓದಿರಲಿ.